ನರ್ಸಮ್ಮನ ಒಂದೇ ಒಂದು ಚೀನಿಕಾಯಿ

ಕಳೆದ ವಾರ ಹಿಂದಿನ ಬೀದಿಯ ಹೆಂಗಸು ಒಂದು ಕಟ್ಟು ಕುಂಬಳದ ಕುಡಿ ತಂದುಕೊಟ್ಟಳು. ಬಳ್ಳಿ ಕಾಂಪೌಂಡು ದಾಟಿ ರಸ್ತೆಗೆ ಬಂದಿದೆ, ಕೊಯ್ಯದೆ ವಿಧಿಯಿಲ್ಲ, ಸಾರು ಮಾಡಿಕೊಳ್ಳಿ ಎಂದಳು. ಮಧ್ಯಾಹ್ನ ಕೂತು ನಾರು ಸುಲಿಯುತ್ತಿದ್ದೆ. ಕುಂಬಳದ ದಂಟಿನ ಮೇಲೆ ಸಣ್ಣ ಮುಳ್ಳಿನಂಥ ರೋಮ ಇರುತ್ತದಲ್ಲ, ಅದು ಬೆರಳಿಗೆ ಚುಚ್ಚಿ, ಅದರ ಹಸಿ ವಾಸನೆ ಕೈಗೆ ಹತ್ತಿತು. ಸೌತೆಯ ವಾಸನೆಯಷ್ಟು ತಂಪಲ್ಲ, ಹರಿವೆಯಷ್ಟು ಸಾಧುವೂ ಅಲ್ಲ… ಮೂಗಿಗೆ ಬಡಿಯುವ ಒರಟು ವಾಸನೆ. ಅದಕ್ಕೆ ಸ್ವಲ್ಪ ಸ್ಪಿರಿಟ್ಟಿನ ವಾಸನೆ ಬೆರೆಸಿದರೆ ಅದು ನಮ್ಮ ನರ್ಸಮ್ಮ. ಐವತ್ತು ವರ್ಷದ ಹಿಂದಿನ ಹೆಂಗಸು ಮಣೆ ಹಾಕಿಕೊಂಡು ಎದುರಿಗೇ ಕೂತಂತಾಯಿತು. ಅರ್ಧ ಸುಲಿದ ಕುಡಿಯನ್ನು ಮೊರಕ್ಕೆ ಹಾಕಿಬಿಟ್ಟೆ.

ನನ್ನ ತವರು ಸೊರಬ ತಾಲೂಕಿನಲ್ಲಿ, ಜಡೆ ಎಂಬ ಊರಿಗೆ ಹೋಗುವ ದಾರಿಯ ಒಂದು ಹಳ್ಳಿ. ಎಪ್ಪತ್ತರ ದಶಕದ ನಡುವಿನಲ್ಲಿ ಸರ್ಕಾರ ಅಲ್ಲಿಗೊಬ್ಬ ನರ್ಸಮ್ಮನನ್ನು ಹಾಕಿತು. ಆಸ್ಪತ್ರೆಗೆ ಕಟ್ಟಡ ಇರಲಿಲ್ಲ. ನಮ್ಮ ಮನೆಗೆ ತಾಗಿದಂತೆ ಭತ್ತ ತುಂಬುವ ಕೊಠಡಿಯೊಂದಿತ್ತು, ಅಪ್ಪ ಅದನ್ನು ಖಾಲಿ ಮಾಡಿಸಿಕೊಟ್ಟರು. ಮುಂದೆ ಅವರ ಮೇಜು, ಔಷಧಿ ಪೆಟ್ಟಿಗೆ; ಹಿಂದೆ ಅವರ ಒಲೆ, ಚಾಪೆ, ಒಂದು ಟ್ರಂಕು. ಅವರು ಶಿಕಾರಿಪುರದವರು, ಮೂವತ್ತೈದರ ಆಸುಪಾಸು. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ಹೋಗಿದ್ದ. ಅಣ್ಣ ಓದಿಸಿ ಈ ಕೆಲಸಕ್ಕೆ ಹಚ್ಚಿದ್ದ. ಅವರ ಬಿಳಿ ಸೀರೆ ನೌಕರಿಯದೋ ಗಂಡ ಸತ್ತದ್ದರದೋ ಎಂದು ನಮ್ಮೂರಿನವರು ಒಂದು ತಿಂಗಳು ಚರ್ಚೆ ಮಾಡಿದರು. ಎರಡೂ ಹೌದು ಎಂದು ಗೊತ್ತಾದ ಮೇಲೆ, ಹೊರಗೆ ಹೊರಟಾಗ ಅವರು ಎದುರು ಬಂದರೆ ಒಂದು ಗಳಿಗೆ ನಿಂತು ಹೋಗುವುದನ್ನು ರೂಢಿ ಮಾಡಿಕೊಂಡರು.

ನನಗಾಗ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎರಡು ಸಲ ಲಾಗ ಹೊಡೆದು, ಗಂಡು ಕೂಡಿಬರುವವರೆಗೆ ಮನೆಯಲ್ಲಿದ್ದೆ. ಹೊತ್ತು ಹೋಗದೆ ಅವರ ಕೊಠಡಿಗೆ ಹೋಗಿ ಕೂರುತ್ತಿದ್ದೆ. ಅವರು ಹತ್ತಿ ಉಂಡೆ ಮಾಡುತ್ತಿದ್ದರೆ ನಾನೂ ಮಾಡುತ್ತಿದ್ದೆ. ನನ್ನನ್ನು ತಂಗಿ ಎನ್ನುತ್ತಿದ್ದರು. ಅಕ್ಕ ಇಲ್ಲದ ನನಗೆ ಅದು ಎಷ್ಟು ಹಿತವಾಗಿತ್ತೆಂದು ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಮೊದಲ ವರ್ಷ ಎಲ್ಲ ಸರಿಯಿತ್ತು. ಎಷ್ಟೋ ಮನೆಯಲ್ಲಿ ಅವರ ಕೈಯಲ್ಲೇ ಹೆರಿಗೆಯಾಯಿತು. ಎರಡನೇ ವರ್ಷದ ಬೇಸಿಗೆಯಲ್ಲಿ, ಒಂದೇ ತಿಂಗಳಲ್ಲಿ ಎರಡು ಕೂಸು ಹೋದವು. ಒಂದು ಕೂಸು ಕಾಲು ಮುಂದಾಗಿ ಬಂದದ್ದು. ನೋವು ಶುರುವಾದ ಎರಡನೇ ದಿನಕ್ಕೆ ಇವರನ್ನು ಕರೆದಿದ್ದರು. ಇನ್ನೊಂದು ಹುಟ್ಟಿ ವಾರ ಚೆನ್ನಾಗಿದ್ದು ಆಮೇಲೆ ಜ್ವರ ಬಂದು ಹೋಯಿತು. ತಪ್ಪು ಯಾರದೆಂದು ಕೇಳುವವರು ಇರಲಿಲ್ಲ. ನರ್ಸಮ್ಮನ ಕೈಗುಣ ಸರಿಯಿಲ್ಲ ಎಂಬ ಮಾತು ಮೊದಲು ಬಾವಿಕಟ್ಟೆಯಲ್ಲಿ ಹುಟ್ಟಿತು. ಗಂಡನನ್ನು ಉಳಿಸಿಕೊಳ್ಳದ ಕೈ, ಕೂಸನ್ನು ಉಳಿಸೀತೆ ಎಂದು ಅದಕ್ಕೊಂದು ಬಾಲವೂ ಸೇರಿತು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಜನ ಅವರನ್ನು ಕರೆಯುವುದು ಕಡಿಮೆಯಾಯಿತು.

ಕೈಗುಣ ಎಂದರೆ ನಮ್ಮೂರಿನಲ್ಲಿ ಸಣ್ಣ ವಿಷಯವಲ್ಲ, ಅದರಲ್ಲೂ ನಮ್ಮ ಮನೆಯಲ್ಲಿ. ಅಮ್ಮನ ಕೈಗುಣ ನಾಲ್ಕು ಊರಿಗೆ ಗೊತ್ತು. ಮುಂಗಾರಿಗೆ ಮೊದಲ ಬೀಜ ಊರಿಸಲು ಅಕ್ಕಪಕ್ಕದವರು ಅಮ್ಮನನ್ನೇ ಕರೆಯುತ್ತಿದ್ದರು. ಚೀನಿಕಾಯಿ, ಸೌತೆ, ಹೀರೆ ಎಲ್ಲದರ ಬೀಜವನ್ನೂ ಅಮ್ಮ ಸಗಣಿಯಲ್ಲಿ ಒತ್ತಿ ಕೊಟ್ಟಿಗೆಯ ಗೋಡೆಗೆ ಬಡಿದಿಡುತ್ತಿದ್ದರು. ನರ್ಸಮ್ಮನಿಗೆ ಮಜ್ಜಿಗೆ ಕೊಡುತ್ತಿದ್ದರು, ಉಪ್ಪಿನಕಾಯಿ ಕೊಡುತ್ತಿದ್ದರು, ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟರು. ಆದರೆ ಅವರು ಎರಡು ಚೀನಿಕಾಯಿ ಬೀಜ ಕೇಳಿದ ದಿನ, ಈ ಸಲ ಬೀಜ ಹುಳ ಹಿಡಿದುಹೋಗಿದೆ ಎಂದುಬಿಟ್ಟರು. ಗೋಡೆಯ ತುಂಬ ಬೀಜವಿತ್ತು. ನರ್ಸಮ್ಮ ಆ ಗೋಡೆಯನ್ನು ನೋಡಿದರು. ಮುಂದಿನ ಸಲ ಊರಿಗೆ ಹೋದಾಗ ಶಿಕಾರಿಪುರದ ಸಂತೆಯಿಂದ ಒಂದು ಪೊಟ್ಟಣ ಬೀಜ ತಂದರು. ಅವರ ಕಡೆ ಅದಕ್ಕೆ ಚೀನಿಕಾಯಿ ಎನ್ನುವುದಿಲ್ಲ, ಬರೀ ಕುಂಬಳಕಾಯಿ.

ಆವರೆಗೆ ಅವರು ಒಂದು ಗಿಡ ನೆಟ್ಟವರಲ್ಲ. ಈಗೇಕೆ ಈ ಉಸಾಬರಿ ಎಂದು ತಮಾಷೆಗೆ ಕೇಳಿದೆ. ಅವರು ಹತ್ತಿ ಉಂಡೆ ಮಾಡುವುದನ್ನು ನಿಲ್ಲಿಸಿದರು.

"ತಂಗೀ, ಊರಿನ ಮಂದಿ ಹೇಳದು ಖರೇನೋ ಸುಳ್ಳೋ ನನಗೂ ಗೊತ್ತಾಗವಲ್ದು. ಕೂಸಿನ ಮ್ಯಾಲೆ ಪರೀಕ್ಷೆ ಮಾಡಾಕ ಆಗ್ತತೇನು? ಒಂದು ಬಳ್ಳಿ ಹಾಕಿ ನೋಡ್ತೀನಿ."

ಆಮೇಲೆ ಟ್ರಂಕು ತೆಗೆದು ಒಂದು ಕಾಗದ ತೋರಿಸಿದರು. ಕೆಲಸ ಬಿಡುತ್ತೇನೆಂದು ಬರೆದ ಪತ್ರ, ಸಹಿಯೂ ಆಗಿತ್ತು. ಬಳ್ಳಿಯಲ್ಲಿ ಒಂದೇ ಒಂದು ಕಾಯಿ ಬಲಿತರೆ ಇದನ್ನು ಒಲೆಗೆ ಹಾಕುವುದು, ಇಲ್ಲದಿದ್ದರೆ ಅಂಚೆಗೆ ಹಾಕುವುದು ಎಂದು ತೀರ್ಮಾನ ಮಾಡಿಕೊಂಡಿದ್ದರು. ಓದಿದವರು ಹೀಗೆ ಮಾಡುತ್ತಾರೆಯೇ ಎಂದು ನನಗೆ ಸಿಟ್ಟೂ ಬಂತು, ಅಳುವೂ ಬಂತು. ಈ ಮಾತನ್ನು ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು.

ಕೊಠಡಿಯ ಹಿಂದಿನ ಹಿತ್ತಲಿನಲ್ಲಿ ಗುಂಡಿ ತೋಡಿ ಬೀಜ ಹಾಕಿದರು. ಗುಂಡಿಯಲ್ಲಿ ಮಳೆನೀರು ನಿಂತು ಬೀಜ ಕೊಳೆಯಿತು. ಕೆದಕಿ ನೋಡಿದರೆ ಬೆರಳಿಗೆ ಲೋಳೆ ಹತ್ತಿತು. ಅಮ್ಮ ಯಾವಾಗಲೂ ಮಣ್ಣು ಏರಿಸಿ ದಿಬ್ಬ ಮಾಡಿ ಹಾಕುವುದನ್ನು ನೋಡಿದ್ದ ನಾನು ಹಾಗೆ ಮಾಡಿಸಿದೆ. ಮೂರು ಮೊಳಕೆ ಬಂದವು. ವಾರದಲ್ಲಿ ಕೆಂಪು ಹುಳ ಬಿದ್ದು ಎಲೆಯನ್ನು ಜರಡಿ ಮಾಡಿತು. ನರ್ಸಮ್ಮ ಗಾಯಕ್ಕೆ ಕಟ್ಟುವ ತೆಳು ಬಟ್ಟೆಯಲ್ಲಿ ಒಲೆಯ ಬೂದಿ ಕಟ್ಟಿಕೊಂಡು, ಬೆಳಗಿನ ಮಂಜು ಆರುವ ಮೊದಲು ಎಲೆಯ ಮೇಲೆ ತಟ್ಟುತ್ತಿದ್ದರು, ಕೂಸಿಗೆ ಪೌಡರು ಹಾಕಿದಂತೆ. ಮಳೆ ಬಂದು ತೊಳೆಯುತ್ತಿತ್ತು, ಮತ್ತೆ ತಟ್ಟುತ್ತಿದ್ದರು. ಮೂರರಲ್ಲಿ ಎರಡು ಹೋದವು, ಒಂದು ಉಳಿಯಿತು. ಅದಕ್ಕೆ ಆಸೆಯಿಂದ ಬುಟ್ಟಿಗಟ್ಟಲೆ ಗೊಬ್ಬರ ಹಾಕಿದರು. ಬಳ್ಳಿ ಹಬ್ಬಿ ಬೇಲಿ ಹತ್ತಿತು, ಎಲೆ ಒಂದೊಂದೂ ಮೊರದಷ್ಟು. ಹೂವಿನ ಸುಳಿವೇ ಇಲ್ಲ. ಗೊಬ್ಬರ ಹೆಚ್ಚಾದರೆ ಬಳ್ಳಿಗೆ ಸೊಕ್ಕು ಬರುತ್ತದೆ ಎಂದು ಸಸಿ ಕೀಳಲು ಬಂದ ಮುದುಕಿ ಹೇಳಿದಳು. ಗೊಬ್ಬರ ನಿಲ್ಲಿಸಿ ತುದಿ ಚಿವುಟಿದರು.

ಆಮೇಲೆ ಹೂವು ಬಂದವು, ಎಲ್ಲ ಗಂಡು ಹೂವು. ಮತ್ತೆ ಹದಿನೈದು ದಿನಕ್ಕೆ ಬುಡದಲ್ಲಿ ಗೋಲಿಯಷ್ಟು ಹೀಚು ಹೊತ್ತ ಹೆಣ್ಣು ಹೂವು ಕಾಣಿಸಿತು. ನಾನು ಕುಣಿದೆ. ಮೂರನೇ ದಿನ ಹೀಚು ಹಳದಿಯಾಯಿತು, ನಾಲ್ಕನೇ ದಿನ ಉದುರಿತು. ಇನ್ನೊಂದು ಬಂತು, ಅದೂ ಉದುರಿತು. ಆರೋ ಏಳೋ ಹೋದವು… ಲೆಕ್ಕ ಅವರಿಗೆ ಗೊತ್ತಿತ್ತು. ಒಂದು ಹಳೇ ನೋಟುಪುಸ್ತಕದಲ್ಲಿ, ಬಸುರಿಯರ ವಿವರ ಬರೆಯುವಂತೆಯೇ, ಇಂಥ ದಿನ ಅರಳಿತು, ಇಂಥ ದಿನ ಹೋಯಿತು ಎಂದು ಬರೆದಿಡುತ್ತಿದ್ದರು. ಹಿತ್ತಲ ಬೇಲಿಯಾಚೆ ಹೋಗುವವರು ಇಣುಕುತ್ತಿದ್ದರು. ಹೀಚಿಗೆ ಯಾರೋ ತೋರುಬೆರಳು ತೋರಿಸಿದ್ದಾರೆ ಎಂದು ಒಬ್ಬರು ಹೇಳಿದರು. ಮುಟ್ಟಾದವರು ಬಳ್ಳಿ ದಾಟಿರಬೇಕು ಎಂದು ಇನ್ನೊಬ್ಬರು. ಆದರೆ ಹೆಚ್ಚಿನವರು ಗೊತ್ತಿದ್ದದ್ದೇ ಎಂಬಂತೆ ತಲೆಯಾಡಿಸಿ ಹೋಗುತ್ತಿದ್ದರು. ಅದನ್ನು ಕಂಡು ನರ್ಸಮ್ಮ ಊಟ ಬಿಟ್ಟರು. ಒಂದು ದಿನ ಟ್ರಂಕು ತೆಗೆದು ಆ ಪತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ನನ್ನ ಕೈ ಕೆಟ್ಟದ್ದೋ, ಈ ಮಳೆ ಕೆಟ್ಟದ್ದೋ, ಒಂದು ಗೊತ್ತಾದ್ರ ಸಾಕು ನೋಡು" ಎಂದರು.

ಮಳೆ ಎಂಬ ಮಾತು ಅವರ ಬಾಯಲ್ಲೇ ಬಂದದ್ದರಿಂದಲೋ ಏನೋ, ಮರುದಿನ ಬೆಳಗ್ಗೆಯಿಂದ ಅವರು ಕೊಡೆ ಹಿಡಿದು ಬಳ್ಳಿಯ ಮುಂದೆ ಕೂರತೊಡಗಿದರು. ಹೂವು ಎಷ್ಟು ಹೊತ್ತಿಗೆ ಅರಳುತ್ತದೆ, ಎಷ್ಟು ಹೊತ್ತಿಗೆ ಮುದುಡುತ್ತದೆ, ಯಾವ ಹುಳ ಬರುತ್ತದೆ ಎಂದು ನೋಡಿದರು. ಮೂರು ಬೆಳಗು ಕೂತರೂ ಒಂದು ಜೇನೂ ಬರಲಿಲ್ಲ. ಜಡಿಮಳೆಯಲ್ಲಿ ಅದೆಲ್ಲಿ ಬಂದೀತು? ಗಂಡು ಹೂವಿನ ಹಳದಿ ಪುಡಿ ನೀರಿನಲ್ಲಿ ಕರಗಿ ಹೋಗುತ್ತಿತ್ತು. ನಾಲ್ಕನೇ ಬೆಳಗ್ಗೆ ನನ್ನನ್ನು ಎಬ್ಬಿಸಿ ಕೊಡೆ ಹಿಡಿಸಿದರು. ಹಿಂದಿನ ಸಂಜೆಯೇ ಮರುದಿನ ಅರಳುವ ಗಂಡು ಹೂವಿಗೂ ಹೆಣ್ಣು ಹೂವಿಗೂ ಬಟ್ಟೆ ಸುತ್ತಿ, ನೆನೆಯದಂತೆ ಮೇಲೆ ಬಾಳೆಲೆ ಮುಚ್ಚಿದ್ದರು. ಗಂಡು ಹೂವನ್ನು ಕಿತ್ತು, ಎಸಳು ಹರಿದು, ಒಳಗಿನ ಕಡ್ಡಿಯನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಿದರು. ಆ ಕೈ ಅಷ್ಟು ಹಗುರವಾಗಿ ಆಡುವುದನ್ನು ನಾನು ಅದೇ ಮೊದಲು ನೋಡಿದ್ದು. ಇಂಥ ಕೈಯನ್ನು ಕೆಟ್ಟದ್ದು ಎನ್ನುತ್ತಾರಲ್ಲ ಎನಿಸಿತು. ಆಮೇಲೆ ಹೂವಿನ ಬಾಯಿಗೆ ಬ್ಯಾಂಡೇಜು ಬಟ್ಟೆಯ ಪಟ್ಟಿ ಕಟ್ಟಿದರು.

ಹಾಗೆ ನಾಲ್ಕು ಹೂವಿಗೆ ಮಾಡಿದರು. ಮೂರು ಕೊಳೆತವು, ಒಂದು ನಿಂತಿತು. ಗೋಲಿ ನಿಂಬೆಯಾಯಿತು, ನಿಂಬೆ ತೆಂಗಿನಕಾಯಾಯಿತು. ಹೂವು ಉದುರಿದ ಮೇಲೆ ಆ ಪಟ್ಟಿಯನ್ನೇ ಗುರುತಿಗೆಂದು ತೊಟ್ಟಿಗೆ ಕಟ್ಟಿದರು. ಕಾಯಿ ನೆಲದ ತೇವಕ್ಕೆ ಕೊಳೆಯಬಾರದೆಂದು ಅಡಿಗೆ ಹಂಚಿನ ಚೂರು ಇಟ್ಟರು. ನವರಾತ್ರಿ ಕಳೆಯುವಷ್ಟರಲ್ಲಿ ಅದು ನನ್ನ ಎರಡು ಕೈ ತುಂಬುವಷ್ಟಾಗಿ, ಹಸಿರು ಹೋಗಿ ಮೈಗೆ ಕೇಸರಿ ಬಣ್ಣ ತಿರುಗುತ್ತಿತ್ತು. ನರ್ಸಮ್ಮ ಮತ್ತೆ ಉಣ್ಣತೊಡಗಿದರು. ತೊಟ್ಟು ಪೂರ್ತಿ ಒಣಗುವವರೆಗೆ ಮುಟ್ಟಬಾರದು, ದೀಪಾವಳಿ ಕಳೆದು ವಾರಕ್ಕೆ ಒಣಗುತ್ತದೆ, ಅವತ್ತು ಪತ್ರ ಸುಟ್ಟ ಬೆಂಕಿಯಲ್ಲೇ ನಿನಗೆ ಚಹಾ ಕಾಯಿಸಿಕೊಡುತ್ತೇನೆ ಎಂದು ನಕ್ಕರು. ಅವರು ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು.

ಆಗ ನನ್ನ ತಲೆಗೆ ಒಂದು ಬುದ್ಧಿ ಬಂತು. ಹಾಳು ಬುದ್ಧಿ.

ನಮ್ಮ ಕಡೆ ದೀಪಾವಳಿಯಲ್ಲಿ ಬೂರೆ ಎಂದಿದೆ. ಅವತ್ತು ರಾತ್ರಿ ಊರ ಗಂಡುಹುಡುಗರು ಇನ್ನೊಬ್ಬರ ಹಿತ್ತಲಿಗೆ ನುಗ್ಗಿ ಕಾಯಿ, ಹೂವು ಏನು ಸಿಕ್ಕರೂ ಕದ್ದು ತರುತ್ತಾರೆ. ಅದನ್ನು ಕಳವು ಎನ್ನುವಂತಿಲ್ಲ. ಕಳೆದುಕೊಂಡವರು ಬೆಳಗ್ಗೆ ಬಾಯಿ ತುಂಬ ಬೈಯುತ್ತಾರೆ, ಆ ಬೈಗುಳವೂ ಹಬ್ಬದ ಲೆಕ್ಕಕ್ಕೇ. ಬೂರೆಯಲ್ಲಿ ಬಂದ ಕಾಯಿ ಯಾರ ಮನೆಯದೆಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಹಬ್ಬಕ್ಕೆ ಅಮ್ಮ ಅದರಲ್ಲಿನ ಚೀನಿಕಾಯಿ ತುರಿದು ಕಡುಬು ಮಾಡಿ, ಮನೆಮಂದಿಗೆಲ್ಲ ಬಡಿಸಿ, ದನಗಳಿಗೂ ತಿನ್ನಿಸುತ್ತಿದ್ದರು. ನರ್ಸಮ್ಮನ ಕಾಯಿಯೂ ಆ ರಾಶಿಯಲ್ಲಿ ಸೇರಿದರೆ ಅಮ್ಮ ಗೊತ್ತಿಲ್ಲದೆ ಕಡುಬು ಮಾಡುತ್ತಾರೆ, ಎಲ್ಲರೂ ತಿನ್ನುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ; ಊಟ ಮುಗಿದ ಮೇಲೆ, ನೀವು ತಿಂದದ್ದು ಯಾರ ಕೈಯ ಕಾಯಿ ಗೊತ್ತೇ ಎಂದು ನಾನು ಹೇಳುವುದು. ಇದು ನನ್ನ ಯೋಜನೆ. ಅಮ್ಮನ ಬಾಯಿಂದ ಒಂದು ಒಳ್ಳೆಯ ಮಾತು ಬಂದರೆ ಊರೆಲ್ಲ ಒಪ್ಪುತ್ತದೆ ಎಂದು ನಂಬಿದ್ದೆ. ನರ್ಸಮ್ಮನನ್ನು ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಬೂರೆಗೆ ಹೆಣ್ಣುಮಕ್ಕಳು ಹೋಗುವುದಿಲ್ಲ. ಆದರೆ ನರ್ಸಮ್ಮನ ಹಿತ್ತಲಿಗೆ ಯಾವ ಹುಡುಗನೂ ಕಾಲಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನೇ ಹೋದೆ. ಕುಡುಗೋಲಿನಿಂದ ತೊಟ್ಟು ಕೊಯ್ದು, ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ನನ್ನ ತಮ್ಮ ಕದ್ದು ತಂದ ಸೌತೆಕಾಯಿಗಳ ನಡುವೆ ಇಟ್ಟೆ. ತೊಟ್ಟಿನ ಪಟ್ಟಿಯನ್ನು ಬಿಚ್ಚಲು ಮರೆತೆ. ಐವತ್ತು ವರ್ಷ ಆಯಿತು, ಆ ಗಂಟು ಬಿಚ್ಚಲು ಎಷ್ಟು ಹೊತ್ತು ಬೇಕಾಗಿತ್ತು ಎಂದು ಈಗಲೂ ಕೇಳಿಕೊಳ್ಳುತ್ತೇನೆ.

ಬೆಳಗ್ಗೆ ಅಮ್ಮ ಕಾಯಿ ಎತ್ತಿ, ಒಳ್ಳೇ ಕಾಯಿ ಎಂದರು. ತಿರುಗಿಸಿದರು. ಪಟ್ಟಿ ಕಂಡಿತು. ಕೈಯಲ್ಲಿದ್ದದ್ದನ್ನು ನೆಲಕ್ಕಿಟ್ಟು, ಇದನ್ನು ಯಾರು ತಂದದ್ದು ಎಂದು ಕೇಳಿದರು. ತಮ್ಮ ತಾನಲ್ಲ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ನಿಜವಾಗಿ ಸೆರಗು ಸರಿಪಡಿಸಿಕೊಂಡೆ. ಅಮ್ಮ ನೋಡಿದರು. ನಾನು ಅಳುತ್ತಾ ಏನೇನೋ ಹೇಳಿದೆ. ಕಡುಬು ಮಾಡು, ಒಂದೇ ಒಂದು ಸಲ ಮಾಡು ಎಂದು ಬೇಡಿಕೊಂಡೆ. ಪತ್ರದ ವಿಷಯ ಮಾತ್ರ ಹೇಳಲಿಲ್ಲ, ಮಾತು ಕೊಟ್ಟಿದ್ದೆನಲ್ಲ.

"ನಂಗೆ ಅವ್ರ ಮೇಲೆ ಸಿಟ್ಟಿಲ್ಲ ಕಣೇ. ದನಕ್ಕೂ ಕೊಡ್ಬೇಕಲ ಇದನ್ನ. ಕೊಟ್ಟಿಗೇಲಿ ಎರಡು ಗಬ್ಬದ ದನ ಅದಾವೆ."

ಅಷ್ಟು ಹೇಳಿ ಕಾಯಿಯನ್ನು ಅಡಿಕೆ ಹಾಳೆಯ ಮೇಲೆ ಇಟ್ಟುಕೊಂಡು ಹೋಗಿ ತಿಪ್ಪೆಗೆ ಹಾಕಿ ಬಂದರು. ಬಂದು ಕೈ ತೊಳೆದುಕೊಂಡರು. ಕಡುಬಿಗೆ ಸೌತೆಕಾಯಿ ತುರಿದರು.

ನರ್ಸಮ್ಮ ಎದ್ದು ಹಿತ್ತಲಿಗೆ ಹೋದದ್ದು ಆಮೇಲೆ. ಅವರಿಗೆ ಬೂರೆ ಗೊತ್ತಿರಲಿಲ್ಲ. ಹಂಚಿನ ಚೂರಿನ ಮುಂದೆ ನಿಂತಿದ್ದರು. ನಾನು ಹತ್ತಿರ ಹೋಗಿ, ಇದು ಹಬ್ಬದ ಪದ್ಧತಿ, ಹುಡುಗರು ಯಾರೋ ಒಯ್ದಿರಬೇಕು ಎಂದೆ. ಹೌದು, ಆ ಸುಳ್ಳನ್ನು ನಾನು ಹೇಳಿದೆ. ಆಶ್ಚರ್ಯವೆಂದರೆ, ಅವರು ಸ್ವಲ್ಪ ಗೆಲುವಾದರು. ನನ್ನ ಕಾಯಿಯನ್ನು ಕದ್ದು ತಿನ್ನುವವರೂ ಇದ್ದಾರಲ್ಲ ಎಂದರು. ಪತ್ರವನ್ನು ಅವತ್ತೇ ಸುಡುತ್ತಿದ್ದರೋ ಏನೋ… ಆದರೆ ಒಲೆಯ ಬೂದಿ ತೆಗೆದು ಚೆಲ್ಲಲು ತಿಪ್ಪೆಯ ಕಡೆ ಹೋದರು. ಕೂಗಿ ನಿಲ್ಲಿಸಬೇಕಿತ್ತು. ಬರೀ ಹಿಂದೆ ಹಿಂದೆ ಹೋದೆ.

ಬಿದ್ದ ಏಟಿಗೆ ಕಾಯಿ ಒಡೆದಿತ್ತು. ಒಳಗೆಲ್ಲ ಕೇಸರಿ, ಒಂದು ಹುಳವಿಲ್ಲ, ಒಂದು ಕಲೆಯಿಲ್ಲ, ಬೀಜ ತುಂಬಿಕೊಂಡಿತ್ತು. ತೊಟ್ಟಿನಲ್ಲಿ ಪಟ್ಟಿ ಹಾಗೇ ಇತ್ತು. ಅವರು ಕೂತು ಅದನ್ನು ಮುಟ್ಟಿ ನೋಡಿದರು. ನಾನು ಹಿಂದೆ ನಿಂತಿದ್ದೆ.

"ಕೊಳತಿರಲಿಲ್ಲಲ್ಲ ತಂಗೀ. ಚಲೋ ಇತ್ತಲ್ಲ" ಎಂದರು.

ಅವರ ಕೈ ಕೆಟ್ಟದ್ದಲ್ಲ ಎಂದು ಕಾಯಿ ಹೇಳಿತ್ತು. ಅದರಿಂದ ಏನೂ ಪ್ರಯೋಜನವಿಲ್ಲ ಎಂದು ತಿಪ್ಪೆ ಹೇಳಿತು. ಹಬ್ಬ ಕಳೆದ ಮೊದಲ ಬಸ್ಸಿಗೆ ಸೊರಬಕ್ಕೆ ಹೋಗಿ ಪತ್ರ ಕೊಟ್ಟು ಬಂದರು. ತಿಂಗಳೊಳಗೆ ಕೊಠಡಿ ಖಾಲಿಯಾಯಿತು. ಹೊರಡುವಾಗ ಅಮ್ಮನ ಕಾಲಿಗೆ ನಮಸ್ಕಾರ ಮಾಡಿ, ಮಜ್ಜಿಗೆಯ ಋಣ ಇದೆ ಎಂದರು. ಅಮ್ಮ ಕಣ್ಣೊರೆಸಿಕೊಂಡರು. ಕದ್ದವಳು ನಾನು ಎಂದು ನಾನು ಹೇಳಲಿಲ್ಲ. ಬಸ್ಸಿನ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದರು.

ಮುಂದಿನ ಮಳೆಗಾಲದಲ್ಲಿ ತಿಪ್ಪೆಯಲ್ಲಿ ಬಳ್ಳಿ ಹುಟ್ಟಿತು. ಯಾರೂ ಬೂದಿ ತಟ್ಟಲಿಲ್ಲ, ಯಾರೂ ಕೊಡೆ ಹಿಡಿಯಲಿಲ್ಲ. ಕಾಯಿಯ ಮೇಲೆ ಕಾಯಿ ಬಿಟ್ಟಿತು. ಅದು ಯಾವ ಕಾಯಿಯ ಬೀಜ ಎಂದು ಅಮ್ಮ ಯೋಚಿಸಿದರೋ ಇಲ್ಲವೋ. ಊರಿಗೆಲ್ಲ ಹಂಚಿದರು, ಬೀಜವನ್ನು ಸಗಣಿಯಲ್ಲಿ ಒತ್ತಿಟ್ಟರು. ತಿಪ್ಪೆಗೆ ಬಿದ್ದದ್ದನ್ನೂ ಬೆಳೆಸುವ ಕೈ ಎಂದು ಜನ ಅಮ್ಮನನ್ನು ಹೊಗಳಿದರು. ನಾನೂ ಆ ಕಡುಬು ತಿಂದೆ.

ಅದೇ ವರ್ಷ ನನ್ನ ಮದುವೆಯಾಯಿತು, ಶಿಕಾರಿಪುರಕ್ಕೇ. ಮರುವರ್ಷ ಮೊದಲ ಹೆರಿಗೆಗೆ ತವರಿಗೆ ಹೋದೆ. ನರ್ಸಮ್ಮನ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ; ಕೊಠಡಿಯಲ್ಲಿ ಮತ್ತೆ ಭತ್ತ ತುಂಬಿದ್ದರು. ನೋವು ಬಂದ ದಿನ ಹಳ್ಳ ತುಂಬಿ ಬಸ್ಸು ನಿಂತಿತ್ತು. ಕೂಸು ಅಮ್ಮನ ಕೈಗೇ ಬಂತು. ಅಳಲಿಲ್ಲ. ಅಮ್ಮ ಅದನ್ನು ತಲೆಕೆಳಗೆ ಹಿಡಿದು ಬಡಿದರು, ಊದಿದರು, ದೇವರನ್ನು ಕರೆದರು… ಆಮೇಲೆ ಎಷ್ಟೋ ದಿನದ ಮೇಲೆ, ಅವ್ರು ಇದ್ದಿದ್ರೆ ಏನಾದ್ರೂ ಮಾಡ್ತಿದ್ರೇನೋ ಎಂದು ಒಂದು ಸಲ ಅಂದರು. ನನ್ನ ಕೂಸು ಅಮ್ಮನ ಕೈಯಲ್ಲಿ ಹೋಯಿತು. ಅಮ್ಮನ ಕೈಗುಣ ಕೆಟ್ಟದ್ದು ಎಂದು ಊರಲ್ಲಿ ಒಬ್ಬರೂ ಹೇಳಲಿಲ್ಲ.

ನರ್ಸಮ್ಮ ಇದ್ದ ಊರಲ್ಲೇ ನಾನಿದ್ದೆ. ಆದರೂ ಹುಡುಕಿಕೊಂಡು ಹೋಗಲು ನನಗೆ ಹದಿನೆಂಟು ವರ್ಷ ಬೇಕಾಯಿತು. ತವರಿನಿಂದ ತಂದ ಆ ಬಳ್ಳಿಯ ಬೀಜವನ್ನೇ ಹಾಕಿ ಬೆಳೆದ ಒಂದು ಕಾಯಿಯನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಎಲ್ಲ ಹೇಳಿಬಿಡಬೇಕು, ಬೈದರೆ ಬೈಸಿಕೊಳ್ಳಬೇಕು ಎಂದುಕೊಂಡಿದ್ದೆ. ಅವರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಅಣ್ಣನ ಮಗ ಕೂರಿಸಿ ನೀರು ಕೊಟ್ಟ. ಅತ್ತೆ ಕೊನೆಯವರೆಗೂ ಬಟ್ಟೆ ಹೊಲಿದುಕೊಂಡಿದ್ದರು, ಯಾರ ಹೆರಿಗೆಗೂ ಹೋಗಲಿಲ್ಲ ಎಂದ. ಅಂಗಳದಲ್ಲಿ ತುಳಸಿ ಇತ್ತು. ಇದು ಅವರು ನೆಟ್ಟದ್ದೇ ಎಂದು ಕೇಳಿದೆ.

"ಇಲ್ರೀ. ಅತ್ತಿ ತುಳಸೀಗೆ ನೀರು ಸೈತ ಹಾಕ್ತಿರಲಿಲ್ಲ. ನೀ ಹಾಕಪ್ಪ, ನನ್ನ ಕೈ ಬ್ಯಾಡ ಅಂತಿದ್ಲು."

ಚೀಲದಿಂದ ಕಾಯಿ ತೆಗೆದು ಕೊಟ್ಟೆ. ಅವನ ಹೆಂಡತಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ನಿಮ್ಮ ಕೈಗುಣ ಬಾಳ ಚಲೋ ಐತಿ ಬಿಡ್ರಿ ಎಂದಳು. ನಾನು ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆ.

ಕಳೆದ ವಾರ ಕುಡಿ ತಂದ ಹೆಂಗಸಿಗೂ ಬೀಜ ಕೊಟ್ಟವಳು ನಾನೇ. ಈ ಬೀದಿಯಲ್ಲಿ ನಾಲ್ಕು ಮನೆಗೆ ಅದೇ ಬಳ್ಳಿ. ಇವತ್ತು ಬೆಳಗ್ಗೆ ಅವಳು ಗೇಟಿನ ಹತ್ತಿರ ನಿಂತು ಸಾರು ಹೇಗಿತ್ತೆಂದು ಕೇಳಿದಳು. ನಾನು ಸಾರು ಮಾಡಿರಲಿಲ್ಲ. ಕುಡಿ ಮೊರದಲ್ಲೇ ಬಾಡಿತ್ತು. ಚೆನ್ನಾಗಿತ್ತು ಎಂದೆ. "ಚಲೋ ಆಗದೇ ಇರ್ತತೇನ್ರೀ, ನಿಮ್ಮ ಕೈಬೀಜ ಅಲ್ಲೇನು" ಎಂದಳು. ಅಲ್ಲ ಎಂದು ಹೇಳಲು ಬಾಯಿ ತೆಗೆದೆ. ಅವಳು ತಡವಾಯಿತೆಂದು ಹೊರಡುವವಳಿದ್ದಳು, ಹೇಳಬೇಕಾದದ್ದು ಬಹಳ ಇತ್ತು. ಹೌದು ಎಂದೆ.